ತುಳಸಾಬಾಯಿ ಹೆಸರಿನ ಡಬ್ಬಿ

ಡಿಸೆಂಬರ್ ಹತ್ತು, ಬುಧವಾರ. ಬೆಳಿಗ್ಗೆ ಒಂಬತ್ತೂವರೆಗೆ ಕುಂದಗೋಳ ಪೊಲೀಸ್ ಠಾಣೆಗೆ ಬಂದ ಸುಭಾಸ ಹೊರಗಿನ ಬೆಂಚಿನ ಮೇಲೆ ಕೂಡಲಿಲ್ಲ, ನೇರ ಒಳಗೇ ನುಗ್ಗಿದ. ಎರೆಹಾಳದವನು, ಟ್ರ್ಯಾಕ್ಟರ್ ಓಡಿಸುವವನು. ಹಿಂದಿನ ದಿನ ಬೆಳಿಗ್ಗೆ ಊರಿನ ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಅವನ ಅಕ್ಕ ರೇವವ್ವನ ಮುಖಕ್ಕೆ ಆಸಿಡ್ ಸಿಡಿದಿತ್ತು. ರೇವವ್ವ ಆ ಶಾಲೆಯಲ್ಲಿ ಕಸ ಗುಡಿಸುವ, ನೀರು ತುಂಬುವ, ಗಂಟೆ ಬಾರಿಸುವ ಹೆಂಗಸು. ಹುಬ್ಬಳ್ಳಿಯ ಆಸ್ಪತ್ರೆಯಿಂದ ಇದು ಪೊಲೀಸರಿಗೆ ತಿಳಿಸಬೇಕಾದ ಗಾಯ ಎಂಬ ಎಂಎಲ್‌ಸಿ ಸೂಚನೆ ಮಂಗಳವಾರ ಸಂಜೆಯೇ ಠಾಣೆಗೆ ಬಂದಿತ್ತು. ಅದರ ಬೆನ್ನಿಗೇ ಮುಖ್ಯಾಧ್ಯಾಪಕರ ಫೋನೂ ಬಂದಿತ್ತು: ಬಾಟಲಿ ಕೈಜಾರಿ ಒಡೆದಿದೆ, ಆಕಸ್ಮಿಕ, ಯಾರದೂ ದೂರಿಲ್ಲ. ಪೆಟ್ಟು ತಿಂದವರ ಪರವಾಗಿ ಬೇರೆಯವರು ದೂರಿಲ್ಲ ಎಂದು ಹೇಳಿದರೆ ಪಿಎಸ್‌ಐ ಹುಲಿಗೇಶನ ಕಿವಿ ನಿಮಿರುತ್ತಿತ್ತು. ಅವನ ನೌಕರಿಯ ಅರ್ಧ ಪಾಲು ಅಂಥ ಫೋನುಗಳ ಹಿಂದೆಯೇ ಕಳೆದಿತ್ತು.

“ಏನಾತು ಹೇಳಪಾ.”

“ಹೆಡ್‌ಮಾಸ್ತರು ಆಸ್ಪತ್ರಿಗೆ ಬಂದು, ಇನ್ನ ಸಾಲಿ ಕಡೆ ಬರಬ್ಯಾಡ ಅಂದಾರ್ರಿ. ತಪ್ಪ ನಿಂದು, ಕಮಿಟಿಯವರು ಇಟಗೊಳ್ಳಂಗಿಲ್ಲ ಅಂತ. ಬಲಗಣ್ಣ ಹೋಗೇತ್ರಿ ಸಾಹೇಬ್ರ. ಕಣ್ಣ ಹೋದ ದಿನಾನ ಕೆಲಸಾನೂ ಹೋತು.”

“ಬಾಟ್ಲಿ ಆಕೀನ ಒಡದ್ಲೋ?”

“ಒಡದೀನಿ ಅಂತಾಳ್ರಿ.”

“ಮತ್ತ ನಿನ್ನ ತಕರಾರ ಏನು?”

ಸುಭಾಸ ಮೇಜಿನ ಹತ್ತಿರ ಸರಿದ. “ಆಕಿ ಸುಳ್ಳ ಹೇಳೂ ಮುಂದ ನನ್ನ ಮಾರಿ ನೋಡಂಗಿಲ್ರಿ. ಸಣ್ಣಾಕಿ ಇದ್ದಾಗಿಂದ ಹಂಗ. ನಿನ್ನೆ ಗ್ವಾಡಿ ನೋಡಕೋತ ಹೇಳಿದ್ಲು.”

ಇದನ್ನು ಎಫ್‌ಐಆರ್‌ನಲ್ಲಿ ಬರೆಯಲು ಬರುವುದಿಲ್ಲ. ಆದರೂ ಹುಲಿಗೇಶ ಭಾರತೀಯ ನ್ಯಾಯ ಸಂಹಿತೆಯ ಕಲಂ 125(ಬಿ) ಮತ್ತು 286ರ ಅಡಿ ಪ್ರಕರಣ ದಾಖಲಿಸಿದ. ನಿರ್ಲಕ್ಷ್ಯದಿಂದ ತೀವ್ರ ಗಾಯ ಮಾಡಿದ್ದು ಒಂದು, ಅಪಾಯದ ವಸ್ತುವನ್ನು ಜೋಪಾನವಾಗಿ ಇಡದೇ ಇದ್ದದ್ದು ಇನ್ನೊಂದು. ಆರೋಪಿಯ ಕಾಲಂನಲ್ಲಿ ಸದ್ಯಕ್ಕೆ ‘ಶಾಲೆಯ ಜವಾಬ್ದಾರರು’ ಎಂದಷ್ಟೇ ಬರೆದು, ಕಾನ್‌ಸ್ಟೇಬಲ್ ರುಬಿಯಾಳನ್ನು ಕರೆದುಕೊಂಡು ಹುಬ್ಬಳ್ಳಿಗೆ ಜೀಪು ತಿರುಗಿಸಿದ.

ಆಸ್ಪತ್ರೆಯಲ್ಲಿ ರೇವವ್ವನ ಮುಖದ ಬಲಭಾಗಕ್ಕೆಲ್ಲ ಪಟ್ಟಿ ಕಟ್ಟಿದ್ದರು. ಬಲ ಅಂಗೈಗೂ ಪಟ್ಟಿ. ಗದ್ದದ ಕೆಳಗಿನಿಂದ ಹುಬ್ಬಿನವರೆಗೆ ಚರ್ಮ ಸುಟ್ಟಿದೆ ಎಂದು ವೈದ್ಯರು ಹೇಳಿದರು. ಹುಲಿಗೇಶ ಮಂಚದ ಬುಡಕ್ಕೆ ನಿಂತು ಮೊದಲು ಆಕೆಯ ಕಾಲು ನೋಡಿದ. ಒಂದು ಬೊಬ್ಬೆಯಿಲ್ಲ. ಉಟ್ಟ ದಿನದ ಸೀರೆಯನ್ನು ನರ್ಸ್ ಚೀಲದಲ್ಲಿ ಕಟ್ಟಿಟ್ಟಿದ್ದಳು. ಅದರ ಸೆರಗು, ಎದೆಯ ಭಾಗ ತೂತುತೂತಾಗಿತ್ತು, ಕೆಳಗಿನ ಅಂಚು ಹೊಸದರ ಹಾಗಿತ್ತು.

“ಬಾಟ್ಲಿ ಎಲ್ಲಿಂದ ಬಿತ್ತು ರೇವವ್ವ?”

“ಕೈಯಿಂದ್ರಿ.”

“ನೆಲಕ್ಕ ಬಿದ್ದ ಒಡೀತು?”

“ಹೌದ್ರಿ.”

“ಕಾಲಿಗೆ ಏನೂ ಆಗಿಲ್ಲಲ್ಲ?”

ಆಕೆ ಗೋಡೆಯ ಕಡೆ ನೋಡಿದಳು. “ನಾನ ಒಡದೀನ್ರಿ. ಬರಕೊಂಡ ಬಿಡ್ರಿ.”

ಹೊರಗೆ ಬಂದಾಗ ವೈದ್ಯರು ಇನ್ನೊಂದು ಮಾತು ಸೇರಿಸಿದರು. ಕಣ್ಣಿಗೆ ಆಸಿಡ್ ಬಿದ್ದಾಗ ಮದ್ದು ಎಂದರೆ ನೀರು, ಅದೂ ಬಿದ್ದ ಕ್ಷಣವೇ. ಈಕೆಯ ಕಣ್ಣನ್ನು ತೊಳೆದಿದ್ದಾರೆ, ಆದರೆ ತಡವಾಗಿ ತೊಳೆದಿದ್ದಾರೆ. ಆಗಲೇ ತೊಳೆದಿದ್ದರೆ ದೃಷ್ಟಿ ಉಳಿಯುವ ಸಾಧ್ಯತೆ ಬಹಳವಿತ್ತು. ಇದನ್ನು ಬರವಣಿಗೆಯಲ್ಲಿ ಕೊಡುತ್ತೀರಾ ಎಂದು ಹುಲಿಗೇಶ ಕೇಳಿದ. ಕೊಡುತ್ತೇನೆ ಎಂದರು.

ಮಧ್ಯಾಹ್ನ ಮೂರಕ್ಕೆ ಎರೆಹಾಳ. ಶಾಲೆಯ ಸುತ್ತ ಕಡಲೆ ಹೊಲ, ಕಂಪೌಂಡಿನ ಪಕ್ಕದಲ್ಲಿ ಒಣಗಲು ಹಾಕಿದ ಮೆಣಸಿನಕಾಯಿ. ಮುಖ್ಯಾಧ್ಯಾಪಕ ಈರಬಸಪ್ಪನವರು ಗೇಟಿನಲ್ಲೇ ಕಾದಿದ್ದರು. ಚಹಾ ತರಿಸುತ್ತೇನೆ ಎಂದು ಎರಡು ಸಲ ಹೇಳಿದರು. ತಪ್ಪಿತಸ್ಥರ ಮನೆಯ ಚಹಾ ಯಾವಾಗಲೂ ಬೇಗ ಬರುತ್ತದೆ ಎಂಬುದು ಹುಲಿಗೇಶನ ಅನುಭವ. ಬೇಡ ಎಂದ. ಊರಿನ ಇಬ್ಬರನ್ನು ಪಂಚರನ್ನಾಗಿ ಕರೆಸಿ ಸ್ಥಳ ಪಂಚನಾಮೆ ಶುರು ಮಾಡಿದ.

ಪ್ರಯೋಗಾಲಯ ಎಂದರೆ ಒಂದೇ ಕೋಣೆ. ನಡುವೆ ಉದ್ದನೆಯ ಮೇಜು, ಗೋಡೆಗೆ ಮರದ ರ‍್ಯಾಕು, ಮುಂಬಾಗಿಲ ಬದಿಗೆ ನಲ್ಲಿ, ಹಿಂದೆ ಇನ್ನೊಂದು ಬಾಗಿಲು. ವಿಜ್ಞಾನ ಶಿಕ್ಷಕಿ ಸಂಪದಾ ಮೇಜಿನ ಹತ್ತಿರ ನಿಂತಿದ್ದರು. ಮೂವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಸೀರೆ, ರಾತ್ರಿಯಿಡೀ ನಿದ್ದೆಯಿಲ್ಲದ ಕಣ್ಣು. ಒಡೆದ ಗಾಜು ಅಲ್ಲಿಯೇ ನೆಲದ ಮೇಲೆ ಬಿದ್ದ ಹಾಗೆಯೇ ಇತ್ತು.

“ಬಾಟ್ಲಿ ಇಲ್ಲೇ ಬಿತ್ತೇನ್ರಿ ಮೇಡಂ?”

“ಹೌದ್ರಿ.”

ನೆಲಕ್ಕೆ ಶಹಾಬಾದಿನ ಫರಸಿಕಲ್ಲು ಹಾಸಿತ್ತು. ಫರಸಿಗೆ ಆಸಿಡ್ ತಾಕಿದರೆ ಏನಾಗುತ್ತದೆ ಎಂಬುದನ್ನು ಹುಲಿಗೇಶನಿಗೆ ಯಾರೂ ಕಲಿಸಬೇಕಿರಲಿಲ್ಲ. ಹಿಂದೊಮ್ಮೆ ಸಂಡಾಸು ತೊಳೆಯುವ ಆಸಿಡ್ಡನ್ನು ಅಡುಗೆಮನೆಯಲ್ಲಿ ಚೆಲ್ಲಿ, ಬೆಳ್ಳಗೆ ಒರಟಾಗಿ ಉಳಿದ ಆ ಕಲೆಗಾಗಿ ಹೆಂಡತಿಯಿಂದ ಇವತ್ತಿಗೂ ಬೈಸಿಕೊಳ್ಳುತ್ತಿದ್ದ. ಕುಕ್ಕರುಗಾಲಲ್ಲಿ ಕುಳಿತು ಗಾಜಿನ ಚೂರುಗಳ ಕೆಳಗೆ ಕೈಯಾಡಿಸಿದ. ಕಲ್ಲು ನುಣ್ಣಗೆ ಹೊಳೆಯುತ್ತಿತ್ತು. ಕಲೆ ಇದ್ದದ್ದು ಬೇರೆ ಕಡೆ, ರ‍್ಯಾಕಿನ ಬುಡದಲ್ಲಿ. ಅಲ್ಲಿ ಅಗಲವಾದ ಬಿಳಿ ಕಲೆ, ಅಲ್ಲಿಂದ ಮುಂದಕ್ಕೆ ಹನಿಹನಿಯಾಗಿ ಸಣ್ಣ ಬಿಳಿ ಚುಕ್ಕೆಗಳು. ಅವು ನಲ್ಲಿಯ ಕಡೆಗೆ ಹೋಗಿರಲಿಲ್ಲ, ಹಿಂಬಾಗಿಲಿಗೆ ಹೋಗಿದ್ದವು. ರುಬಿಯಾ ಅದನ್ನೆಲ್ಲ ನಕ್ಷೆಯಲ್ಲಿ ಗುರುತಿಸಿದಳು, ಪಂಚರು ಬಗ್ಗಿ ನೋಡಿದರು.

ರ‍್ಯಾಕಿನ ನಡುವಿನ ಹಲಗೆಗೆ ಹಾಸಿದ ಪೇಪರಿನ ಮೇಲೆ ಒಂದೇ ಅಳತೆಯ ದುಂಡನೆಯ ಗುರುತುಗಳ ಸಾಲಿತ್ತು. ಕೊನೆಯ ಗುರುತು ಕಂದು ಬಣ್ಣದ್ದು.

“ಗಾಜಿಗೆ ತುಕ್ಕ ಹಿಡೀತೈತೇನ್ರಿ ಸರ?” ಎಂದು ಹುಲಿಗೇಶ ಈರಬಸಪ್ಪನವರನ್ನು ಕೇಳಿದ. ಅವರು ಸಂಪದಾರ ಮುಖ ನೋಡಿದರು. ಸಂಪದಾ ಕಿಟಕಿ ನೋಡಿದರು.

ಹುಲಿಗೇಶ ಸ್ಟೂಲು ಎಳೆದುಕೊಂಡು ಕುಳಿತ. “ನಾ ಕಾಮರ್ಸ್ ಓದಿದಾಂವ ಮೇಡಂ. ಯಾವುದನ್ನ ಯಾವುದರಾಗ ಇಡಬೇಕು, ನನಗ ತಿಳಿಸಿ ಹೇಳ್ರಿ.”

ಪಾಠ ಮಾಡು ಎಂದರೆ ಒಳ್ಳೆಯ ಶಿಕ್ಷಕಿಗೆ ಸುಮ್ಮನಿರಲು ಆಗುವುದಿಲ್ಲ. ಆಸಿಡ್ ಆದರೆ ಗಾಜು, ಇಲ್ಲವೇ ದಪ್ಪ ಪ್ಲಾಸ್ಟಿಕ್ಕು, ಮುಚ್ಚಳವೂ ಲೋಹದ್ದಿರಬಾರದು. ಇಡುವುದು ಎಲ್ಲಕ್ಕಿಂತ ಕೆಳಗಿನ ಹಲಗೆಯಲ್ಲಿ, ಕಣ್ಣಿನ ಮಟ್ಟಕ್ಕೆ ಎಂದೂ ಅಲ್ಲ. ಕಾಸ್ಟಿಕ್ ಸೋಡಾದ ದ್ರಾವಣಕ್ಕೆ ಗಾಜಿನ ಬಿರಡೆ ಬೇಡ, ಅಂಟಿಕೊಂಡು ಬಿಡುತ್ತದೆ, ರಬ್ಬರಿನದು ಇರಲಿ. ಬೆಳಕಿಗೆ ಕೆಡುವಂಥದ್ದು ಕಂದು ಬಾಟಲಿಯಲ್ಲಿ. ಸೋಡಿಯಂ ಸೀಮೆಎಣ್ಣೆಯಲ್ಲಿ ಮುಳುಗಿರಬೇಕು. ಗ್ಯಾಸು ಬಿಡುವಂಥದ್ದಕ್ಕೆ ಬಿಗಿ ಮುಚ್ಚಳ ಹಾಕಲೇಬಾರದು. ಸಂಪದಾ ಒಂದೂ ತಪ್ಪಿಲ್ಲದೆ ಹೇಳಿದರು, ಹೇಳುತ್ತ ಹೇಳುತ್ತ ಅವರ ಧ್ವನಿ ಗಟ್ಟಿಯಾಯಿತು. ಹುಲಿಗೇಶನಿಗೆ ಅದೇ ಕಷ್ಟವಾಯಿತು. ಗೊತ್ತಿಲ್ಲದೆ ಮಾಡಿದವರನ್ನು ಹಿಡಿಯುವುದು ಸುಲಭ, ಗೊತ್ತಿದ್ದೂ ಮಾಡಿದವರ ಎದುರು ಕೂಡುವುದು ಅವನಿಗೆ ಆಗಿಬರುತ್ತಿರಲಿಲ್ಲ.

“ಸ್ಟೀಲಿನ ಡಬ್ಬಿಯೊಳಗ ಆಸಿಡ್ ಹಾಕಿದ್ರ?”

ಈರಬಸಪ್ಪನವರೇ ಕೆಮ್ಮಿ, “ಸ್ಟೀಲ ಡಬ್ಬಿ ಆಫೀಸಿನಾಗ ಅದಾವ್ರಿ” ಎಂದರು.

ಆಫೀಸಿನ ಕಪಾಟಿನಲ್ಲಿ ತಿರುಪಿನ ಮುಚ್ಚಳದ, ಗೇಣೆತ್ತರದ ಸ್ಟೀಲ್ ಡಬ್ಬಿಗಳು ಸಾಲಾಗಿದ್ದವು. ಪ್ರತಿಯೊಂದರ ಮೇಲೂ ಒಂದೇ ಕೆತ್ತನೆ: ದಿ. ತುಳಸಾಬಾಯಿ ಇವರ ಸ್ಮರಣಾರ್ಥ. ಈ ಸೀಮೆಯಲ್ಲಿ ಹೆಸರು ಹಾಕಿಸದೆ ಯಾರೂ ಪಾತ್ರೆ ಕೊಡುವುದಿಲ್ಲ. ಮದುವೆಯ ಲೋಟದಿಂದ ಮಠದ ಹಂಡೆಯವರೆಗೆ ಎಲ್ಲದರ ಮೇಲೂ ಯಾರದಾದರೂ ಹೆಸರಿರುತ್ತದೆ. ತುಳಸಾಬಾಯಿ ಇದೇ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು, ಹೋದ ವರ್ಷ ತೀರಿಕೊಂಡರು. ಮಗ ದಿನಕರ ಹುಬ್ಬಳ್ಳಿಯಲ್ಲಿದ್ದಾರೆ, ತಾಯಿ ನೆನಪಿಗೆ ಪ್ರಯೋಗಾಲಯಕ್ಕೆಂದು ಈ ಡಬ್ಬಿಗಳನ್ನು ಮಾಡಿಸಿ ಕೊಟ್ಟರು ಎಂದು ಈರಬಸಪ್ಪನವರು ವಿವರಿಸಿದರು. ಸಂಪದಾ ಮೇಡಂ ಕೂಡ ತುಳಸಾಬಾಯಿಯವರ ಕೈಯಲ್ಲೇ ಕಲಿತವರು ಎಂದೂ ಸೇರಿಸಿದರು.

“ಇಲ್ಲಿ ಯಾವಾಗ ತಂದಿಟ್ರಿ?”

“ನಿನ್ನೆ ಮೇಡಂ ತಂದಿಟ್ರು.”

“ಯಾಕ ಅಂತ ಕೇಳಲಿಲ್ಲೇನ್ರಿ?”

“ಕೇಳಲಿಲ್ರಿ” ಎಂದು ಈರಬಸಪ್ಪನವರು ತಲೆ ತಗ್ಗಿಸಿದರು. ಕೇಳಿದ್ದರೆ ಏನು ಉತ್ತರ ಬರುತ್ತಿತ್ತು ಎಂಬುದು ಅವರಿಗೆ ಅಂದಾಜಿತ್ತು. ಅದಕ್ಕೇ ಕೇಳಿರಲಿಲ್ಲ.

ರುಬಿಯಾ ಎಣಿಸಿದಳು, ಹನ್ನೊಂದು. “ಕೊಟ್ಟಿದ್ದೇ ಹನ್ನೊಂದ್ರಿ” ಎಂದರು ಸಂಪದಾ. ದಾನಕ್ಕೆ ಹನ್ನೊಂದು ಒಳ್ಳೆಯ ಸಂಖ್ಯೆಯೇ, ನಂಬುವಂಥದ್ದೇ. ಹುಲಿಗೇಶ ಪಂಚರ ಸಹಿ ಹಾಕಿಸಿ, ಗಾಜಿನ ಚೂರು ಮತ್ತು ಕಂದು ಗುರುತಿನ ಪೇಪರನ್ನು ಜಪ್ತಿ ಮಾಡಿಕೊಂಡು ಹೊರಟ.

ಮರುದಿನ ಗುರುವಾರ ಬೆಳಿಗ್ಗೆ ಹತ್ತಕ್ಕೆ ಹುಬ್ಬಳ್ಳಿಯಲ್ಲಿ ದಿನಕರರ ಮನೆ. ಬ್ಯಾಂಕಿನಿಂದ ನಿವೃತ್ತರಾದ, ಮೆತ್ತಗೆ ಮಾತಾಡುವ ಮನುಷ್ಯ. ರೇವವ್ವನ ಸಂಗತಿ ಕೇಳಿ ಕುರ್ಚಿಯಿಂದ ಎದ್ದು ನಿಂತರು.

“ಡಬ್ಬಿ ಎಷ್ಟ ಕೊಟ್ಟಿದ್ರಿ?”

“ಹನ್ನೆರಡ್ರಿ. ಡಜನ್.”

“ಕಡೀಕ ಯಾವಾಗ ನೋಡಿದ್ರಿ?”

“ಸೋಮವಾರ. ಅವತ್ತ ಅವ್ವನ ತಿಥಿ ಇತ್ತು. ಮುಗಿಸಿಕೊಂಡು ಸಾಲಿಗೆ ಹೋಗಿದ್ದೆ.” ಅವರು ಮೊಬೈಲಿನಲ್ಲಿ ಫೋಟೋ ತೆಗೆದು ತೋರಿಸಿದರು. ರ‍್ಯಾಕಿನ ನಡುವಿನ ಹಲಗೆಯ ಮೇಲೆ ಹನ್ನೆರಡು ಡಬ್ಬಿ, ಪ್ರತಿಯೊಂದಕ್ಕೂ ಕುಂಕುಮ, ಪ್ರತಿಯೊಂದರ ಮೇಲೂ ಅಂಟಿಸಿದ ಚೀಟಿ. ರುಬಿಯಾ ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದಳು. ಕೊನೆಯ ಚೀಟಿಯಲ್ಲಿ ದುಂಡಗಿನ ಅಕ್ಷರದಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಎಂದು ಬರೆದಿತ್ತು.

“ಎಲ್ಲಾದರಾಗೂ ತುಂಬಿಸ್ರಿ ಅಂತ ನೀವ ಹೇಳಿದ್ರೇನು?”

“ಅವ್ವನ ಹೆಸರಿನ ಡಬ್ಬಿ ಖಾಲಿ ನೋಡಲಿಕ್ಕೆ ಮನಸ್ಸಾಗೂದಿಲ್ಲ ಅಂದಿದ್ದೆ. ಆ ಹಳೇ ಬಾಟ್ಲಿ ತಗದಬಿಡ್ರಿ, ಒಡದಗಿಡದಾವು ಅಂತನೂ ಅಂದಿದ್ದೆ.” ಅವರು ಮತ್ತೆ ಕುಳಿತರು. “ಸಂಪದಾ ಒಮ್ಮೆ ಅಂದಿದ್ಲು, ಕೆಲವಕ್ಕ ಗಾಜಿಂದ ಛಲೋ ಅಂತ. ನಾ ನಕ್ಕೆ. ಸ್ಟೀಲ ಒಡಿಯೂದಿಲ್ಲವಾ ಅಂದೆ. ಮತ್ತ ಆಕಿ ಮಾತಾಡಲಿಲ್ಲ. ನನಗ ಗೊತ್ತಿಲ್ಲದ ಸಂಗತಿಯೊಳಗ ನಾ ಯಾಕ ನಕ್ಕೆನೋ ಏನೋ.”

ಅಲ್ಲಿಂದ ಆಸ್ಪತ್ರೆ. ಹುಲಿಗೇಶ ಫೋಟೋವನ್ನು ರೇವವ್ವನ ಎಡಗಣ್ಣಿನ ಹತ್ತಿರ ಹಿಡಿದ. ಆಕೆ ಬಹಳ ಹೊತ್ತು ನೋಡಿದಳು.

“ಡಬ್ಬಿ ಯಾರ ಕೈಯಾಗಿತ್ತು?”

“ಸಂಪದಾ ಬಾಯಾರ ಕೈಯಾಗಿತ್ರಿ. ಮುಚ್ಚಳ ಬರವಲ್ದು, ನೋಡ ರೇವವ್ವ ಅಂದ್ರು. ಮನ್ಯಾಗ ಬಿಗಿಯಾದ ಡಬ್ಬಿ ನಾವು ಹೆಂಗ ತೆಗಿತೀವಿ, ಎದಿಗೆ ಆನಿಸಿಕೊಂಡು? ಹಂಗ ತೆಗದೆ. ಭುಸ್ ಅಂದ ಬಂತು ನೋಡ್ರಿ ಮಾರಿಗೆ.”

“ಸುಳ್ಳ ಯಾಕ ಹೇಳಿದಿ ಮತ್ತ?”

“ಗಾಡ್ಯಾಗ ಕರಕೊಂಡ ಬರೂ ಮುಂದ ಬಾಯಾರು ನನ್ನ ಕೈ ಹಿಡಕೊಂಡಿದ್ರು. ಬಾಟ್ಲಿ ಒಡೀತು ಅಂತ ಹೇಳು, ನಿನಗ ನಾ ಅದೀನಿ ಅಂದ್ರು. ಅಳ್ತಿದ್ರು ಪಾಪ. ನನ್ನ ಕೆಲಸ ಹೋಗತೈತಿ ಅಂತ ಅವರಿಗೂ ಗೊತ್ತಿದ್ದಿದ್ದಿಲ್ಲ ಬಿಡ್ರಿ.”

“ನಿನ್ನ ಕಣ್ಣು ಯಾರ ತೊಳದ್ರು?”

“ಬಾಯಾರ ತೊಳದ್ರು.”

“ಕೂಡ್ಲೇನ?”

ರೇವವ್ವ ಪಟ್ಟಿ ಕಟ್ಟಿದ ಕೈಯನ್ನು ಹೊಟ್ಟೆಯ ಮೇಲೆ ಸರಿಪಡಿಸಿಕೊಂಡಳು. “ಎಡಗಣ್ಣ ತೆರದಿತ್ರಿ ನಂದು. ನಾ ನೆಲಕ್ಕ ಕುಂತಿದ್ದೆ, ನೀರ ಹಾಕ್ರಿ ಅಂತಿದ್ದೆ. ಬಾಯಾರು ಮೊದಲ ಡಬ್ಬಿ ತಗೊಂಡ್ರು. ಹಿಂದಿನ ಬಾಗಲದಿಂದ ಹೊರಗ ಹೋದ್ರು. ಬಂದ್ರು, ಮ್ಯಾಲಿಂದ ಖಾಲಿ ಬಾಟ್ಲಿ ತಗದು ಒಡದ್ರು. ಆಮ್ಯಾಗ ನನ್ನ ನಲ್ಲಿಗೆ ಕರಕೊಂಡ ಹೋದ್ರು.” ಅವನ ಪೆನ್ನು ನೋಡಿ ಅಂದಳು: “ಇದನ್ನ ಬರಕೋಬ್ಯಾಡ್ರಿ ಸಾಹೇಬ್ರ. ನಾ ನೋಡೇನಿ ಅಂತ ಅವರಿಗೆ ಹೇಳಬ್ಯಾಡ್ರಿ.”

ಹುಲಿಗೇಶ ಬರೆದುಕೊಂಡ. ಬರೆಯದಿದ್ದರೆ ವೈದ್ಯರ ಪ್ರಮಾಣಪತ್ರಕ್ಕೆ ಅರ್ಥವಿರುತ್ತಿರಲಿಲ್ಲ. ಆದರೂ ಪೂರಕ ಹೇಳಿಕೆಯನ್ನು ಓದಿ ಹೇಳುವಾಗ ಆಕೆಯ ತೆರೆದ ಕಣ್ಣನ್ನು ನೋಡಲು ಅವನಿಗೆ ನಾಚಿಕೆಯಾಯಿತು.

ಅಂದು ಸಂಪದಾ ಶಾಲೆಗೆ ಹೋಗಿರಲಿಲ್ಲ. ಸಂಶಿಯಲ್ಲಿ ಅವರ ಮನೆ, ಪೇಟೆಯ ಹಿಂದಿನ ಓಣಿಯಲ್ಲಿ. ಬಾಗಿಲು ತೆರೆದವನು ಗಂಡ ಶಿಶಿರ, ತಹಶೀಲ್ದಾರ್ ಕಚೇರಿಯ ಗುಮಾಸ್ತ. ಪೊಲೀಸರನ್ನು ಕಂಡು ಪಕ್ಕಕ್ಕೆ ಸರಿದ. ರುಬಿಯಾ ಒಳಗೆ ಹೋಗುವ ಮೊದಲೇ ಸಂಪದಾ ಅಟ್ಟದಿಂದ ಹಳೆ ಸೀರೆಯ ಗಂಟನ್ನು ಇಳಿಸಿ ತಂದು ಪಡಸಾಲೆಯಲ್ಲಿ ಇಟ್ಟರು. ಒಳಗೆ ಹನ್ನೆರಡನೆಯ ಡಬ್ಬಿ ಇತ್ತು. ತಳ ಕರ್ರಗಾಗಿ ಸಣ್ಣ ಸಣ್ಣ ಕುಳಿ ಬಿದ್ದಿತ್ತು, ಹೊರಗಿನ ಕೆತ್ತನೆ ಮಾತ್ರ ನೆಟ್ಟಗಿತ್ತು. ಪಂಚರ ಸಮಕ್ಷಮ ಅದನ್ನು ಬಟ್ಟೆಯಲ್ಲಿ ಹೊಲಿದು, ಅರಗಿನ ಮುದ್ರೆ ಹಾಕಿ ಜಪ್ತಿ ಮಾಡಲಾಯಿತು.

“ಹಳ್ಳಕ್ಕ ಒಗೀಬೇಕು ಅಂತ ಹೋಗಿದ್ದೆ” ಎಂದರು ಸಂಪದಾ, ಯಾರೂ ಕೇಳದೆ. “ಹೆಸರ ಅದ ಅಲ್ರಿ ಅದರ ಮ್ಯಾಲೆ. ಒಗೀಲಿಕ್ಕೆ ಆಗಲಿಲ್ಲ.”

ಠಾಣೆಯಲ್ಲಿ ರುಬಿಯಾಳ ಎದುರು ವಿಚಾರಣೆ ನಡೆಯಿತು. ಸಂಪದಾ ಏನನ್ನೂ ಮುಚ್ಚಿಡುವ ಹಾಗೆ ಕಾಣಲಿಲ್ಲ.

“ಶನಿವಾರ ಸಂಜಿಗೆ ಹಾಕಿದೆ. ನೀರ ಬೆರಸಿದ ಆಸಿಡ್ ಅದು, ಎರಡ ದಿನಕ್ಕ ಏನಾಗ್ತದ ಅಂದುಕೊಂಡೆ. ಹನ್ನೊಂದರಾಗ ಉಪ್ಪು, ಸೋಡಾ, ಸುಣ್ಣ ಹಾಕಿದ್ದೆ. ಒಂದ ಉಳೀತು. ದಿನಕರ ಕಾಕಾ ಬಂದು ನೋಡಿ ಹೋದ ಮ್ಯಾಲೆ ಸೋಮವಾರನ ವಾಪಸ್ ಬಾಟ್ಲಿಗೆ ಹಾಕೂದು ಅಂತ ಇತ್ತು.”

“ಯಾಕ ಹಾಕಲಿಲ್ಲ?”

“ಹತ್ತನೇತ್ತಿ ಕ್ಲಾಸ್ ಇತ್ರಿ.”

“ಏನ ಪಾಠ?”

ಸಂಪದಾ ಮೇಜಿನ ಅಂಚನ್ನು ಹಿಡಿದುಕೊಂಡರು. “ಆಮ್ಲಕ್ಕ ಲೋಹ ಕೂಡಿದ್ರ ಹೈಡ್ರೋಜನ್ ಬರ್ತದ. ಅದನ್ನ ಮಾಡಿ ತೋರಿಸಿದೆ. ಪಟ್ ಅಂತ ಸಪ್ಪಳ ಬರ್ತದಲ್ಲ, ಹುಡುಗರು ಚಪ್ಪಾಳಿ ಹೊಡದ್ರು.”

ರುಬಿಯಾ ಅದನ್ನೂ ಬರೆದುಕೊಂಡಳು.

“ಕಾಕಾಗ ಬ್ಯಾಡ ಅಂತ ಹೇಳಲಿಕ್ಕೆ ಏನಾಗಿತ್ತು?”

“ತುಳಸಾಬಾಯಿ ನನಗ ಮಗಳ ಅಂತಿದ್ರು. ನನಗ ನೌಕರಿ ಆದಾಗ ಅವರ ಹೋಳಿಗಿ ಮಾಡಿ ಊರಿಗೆಲ್ಲಾ ಹಂಚಿದ್ರು. ಅವರ ಹೆಸರಿನ ಸಾಮಾನು ಕೆಲಸಕ್ಕ ಬರೂದಿಲ್ಲ ಅಂತ ನಾನ ಹೆಂಗ ಹೇಳಲಿ? ಮಂಗಳವಾರ ಅದು ಸಿಡಿದಾಗ ನನಗ ಮೊದಲ ಕಂಡಿದ್ದ ಹೆಸರು. ನಾಳೆ ಪೇಪರಿನಾಗ ಆ ಹೆಸರು ಬರ್ತದ ಅನಿಸ್ತು. ನನ್ನ ಹೆಸರೂ.” ಕೊನೆಯ ಮಾತನ್ನು ಅವರು ತಡವಾಗಿ, ಸಣ್ಣದಾಗಿ ಸೇರಿಸಿದರು.

“ರೇವವ್ವನ ಕಣ್ಣ ಯಾವಾಗ ತೊಳದ್ರಿ?”

“ಕೂಡಲೆ ತೊಳದೆ.”

“ಕೂಡಲೆ?”

“ಹೌದ್ರಿ. ನಲ್ಲಿ ಅಲ್ಲೇ ಅದ ಅಲ್ರಿ.”

ಹುಲಿಗೇಶನ ಮುಂದೆ ರೇವವ್ವನ ಪೂರಕ ಹೇಳಿಕೆ ಇತ್ತು. ಹೇಳಬೇಡಿ ಎಂದು ಆಕೆ ಕೈ ಮುಗಿಯದೆಯೂ ಕೈ ಮುಗಿದಂತೆ ಕೇಳಿಕೊಂಡಿದ್ದಳು. ಇವತ್ತಲ್ಲದಿದ್ದರೆ ಆರೋಪಪಟ್ಟಿಯ ದಿನ ಇವರು ಓದಿಯೇ ಓದುತ್ತಾರೆ, ನ್ಯಾಯಾಲಯದಲ್ಲಿ ಎಲ್ಲರ ಎದುರು ಕೇಳುವುದಕ್ಕಿಂತ ಇಲ್ಲಿಯೇ ಕೇಳಲಿ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅದು ಪೂರ್ತಿ ಸಮಾಧಾನವಲ್ಲ ಎಂಬುದೂ ಅವನಿಗೆ ಗೊತ್ತಿತ್ತು.

“ಮೇಡಂ, ಆಕಿ ಎಡಗಣ್ಣ ತೆರದಿತ್ತು. ನೀವು ಮೊದಲ ಡಬ್ಬಿ ತಗೊಂಡಿದ್ದನ್ನ ನೋಡ್ಯಾಳ. ಬಾಟ್ಲಿ ಒಡದಿದ್ದನ್ನೂ ನೋಡ್ಯಾಳ.”

ಸಂಪದಾ ಮೇಜಿನ ಅಂಚನ್ನು ಬಿಟ್ಟರು. “ಎರಡೂ ಕಣ್ಣ ಮುಚ್ಚಿದ್ದಾಳ ಅನಕೊಂಡಿದ್ದೆ” ಎಂದರು.

“ಇಲ್ರಿ.”

“ನೋಡಿದ್ಲು? ನೋಡಿನೂ ಗಾಡ್ಯಾಗ ನನ್ನ ಕೈ ಬಿಡಲಿಲ್ಲ?”

“ನಿಮಗ ಹೇಳಬ್ಯಾಡ ಅಂದಿದ್ಲು. ನೀವು ಅಳ್ತಿದ್ರಿ ಅಂತ.”

ಮಧ್ಯಾಹ್ನ ಮೂರೂ ನಲವತ್ತಕ್ಕೆ ಬಂಧನ ಪತ್ರ ಬರೆದದ್ದಾಯಿತು. ಸಾಕ್ಷ್ಯ ಮರೆಮಾಚಿದ ಕಲಂ 238 ಕೂಡ ಸೇರಿತು. ಮೂರೂ ಜಾಮೀನು ಸಿಗುವಂಥ ಅಪರಾಧಗಳು. ರೇವವ್ವನದು ತಪ್ಪಿಲ್ಲ ಎಂದು ತಿಳಿಸಿ ಹುಲಿಗೇಶ ಈರಬಸಪ್ಪನವರಿಗೆ ಫೋನು ಮಾಡಿದ. ಆಕೆಯನ್ನು ಮತ್ತೆ ಕೆಲಸಕ್ಕೆ ಕರೆಯುತ್ತೇವೆ, ನಾನೇ ಹೋಗಿ ಹೇಳುತ್ತೇನೆ ಎಂದರು ಅವರು.

ತೋರಿಸಿದ ಕಡೆಯಲ್ಲೆಲ್ಲ ಸಂಪದಾ ದುಂಡಗಿನ ಅಕ್ಷರದಲ್ಲಿ ಸಹಿ ಹಾಕಿದರು. ನಲವತ್ತು ಮಕ್ಕಳ ಎದುರು ದಿನಾ ಗಟ್ಟಿಯಾಗಿ ಹೇಳುತ್ತಿದ್ದ ಮಾತನ್ನು ಒಬ್ಬ ಹಿರಿಯರ ಎದುರು ಒಮ್ಮೆ ಹೇಳಲಾರದೆ ಹೋದವರು ಅವರು. ಅಷ್ಟೇ ಆಗಿದ್ದರೆ ಹುಲಿಗೇಶನಿಗೆ ಅವರ ಮೇಲೆ ಕನಿಕರವೇ ಉಳಿಯುತ್ತಿತ್ತು.

ಶಿಶಿರ ಜಾಮೀನುದಾರನೊಬ್ಬನನ್ನು ಕರೆದುಕೊಂಡು ಬಂದು ಬಾಗಿಲಲ್ಲಿ ನಿಂತ. ಹೋಗಬಹುದು ಎಂದು ರುಬಿಯಾ ಹೇಳಿದಳು. ಸಂಪದಾ ಏಳಲಿಲ್ಲ.

“ಬಾ, ಹೋಗೂಣು” ಎಂದ ಶಿಶಿರ.

“ಎಲ್ಲಿಗೆ?” ಎಂದು ಕೇಳಿದರು ಸಂಪದಾ. ಅವನು ಮನೆ ಎಂದ. ಅವರು ಹೂಂ ಎಂದು ತಲೆಯಾಡಿಸಿ, ಇನ್ನೂ ಸ್ವಲ್ಪ ಹೊತ್ತು ಠಾಣೆಯ ಬೆಂಚಿನ ಮೇಲೆಯೇ ಕುಳಿತರು.